ಪೊರಕೆ ಬಚ್ಚಿಟ್ಟ ಮಹಾನುಭಾವರು

ಗಂಡಸರು ಏನೇನನ್ನೋ ಬಚ್ಚಿಡುತ್ತಾರೆ. ಹೆಂಡತಿಗೆ ಕಾಣದಂತೆ ದುಡ್ಡು ಬಚ್ಚಿಡುವವರಿದ್ದಾರೆ, ಬೀಡಿ ಕಟ್ಟು ಬಚ್ಚಿಡುವವರಿದ್ದಾರೆ, ಸಕ್ಕರೆ ಕಾಯಿಲೆ ಇದ್ದವರು ಮೈಸೂರುಪಾಕು ಬಚ್ಚಿಡುತ್ತಾರೆ. ಆದರೆ ಮನೆಯಲ್ಲಿದ್ದ ಪೊರಕೆಗಳನ್ನೆಲ್ಲ ಒಟ್ಟುಮಾಡಿ, ಗೋಣಿಚೀಲಕ್ಕೆ ತುಂಬಿ, ಚೀಲದ ಬಾಯಿ ಹೊಲಿದು ಬಚ್ಚಿಟ್ಟ ಗಂಡಸು ಇಡೀ ತಿಪಟೂರು ತಾಲ್ಲೂಕಿಗೆ ಒಬ್ಬರೇ. ಆ ಒಬ್ಬರನ್ನು ಹುಡುಕಿ ತಂದು ನನಗೇ ಕಟ್ಟಬೇಕಿತ್ತೇ ನಮ್ಮಪ್ಪ!

ಹೆಸರು ಹೇಳುವುದಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂಬ ಕಾಲದವಳೇನಲ್ಲ ನಾನು. ಜಗಳದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಬೀದಿಗೆ ಕೇಳುವಂತೆಯೇ ಹೇಳಿದ್ದೇನೆ. ಆದರೆ ಹೆಸರು ಅಚ್ಚಾಯಿತೋ, ಆ ಹಾಳೆಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕುತ್ತಾರೆ. ಆಮೇಲೆ ಆ ಕಟ್ಟಿನ ಮೇಲಿನ ಧೂಳು ಒರೆಸುವವರು ಯಾರು? ಹಾಗಾಗಿ "ನಮ್ಮ ಮನೆಯವರು" ಎಂದಷ್ಟೇ ಇಟ್ಟುಕೊಳ್ಳೋಣ.

ನಮ್ಮದು ಬಿಳಿಗೆರೆ ಪಕ್ಕದ ಒಂದು ಹಳ್ಳಿ. ಊರಾಚೆ ತೆಂಗಿನ ತೋಟ, ತೋಟದಲ್ಲೊಂದು ಶೆಡ್ಡು, ಊರೊಳಗೆ ಅಟ್ಟವಿರುವ ಹಳೇ ಮನೆ. ಕೊಬ್ಬರಿ ಹೇಗಾಗುತ್ತದೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತಿರಹತ್ತಿರ ಒಂದು ವರ್ಷ ಅದರ ಪಾಡಿಗೆ ಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಆಮೇಲೆ ಸಿಪ್ಪೆ ಸುಲಿಯಬೇಕು, ಚಿಪ್ಪು ಒಡೆಯಬೇಕು, ಕೊಬ್ಬರಿಯ ಮೈ ಹೆರೆಯಬೇಕು. ಇದರಲ್ಲಿ ಧೂಳಿಲ್ಲದ ಕೆಲಸ ಒಂದೂ ಇಲ್ಲ.

ನಮ್ಮ ಮನೆಯವರು ಆ ಧೂಳಲ್ಲೇ ಹುಟ್ಟಿ ಬೆಳೆದವರು. ಮಧ್ಯಾಹ್ನ ಶೆಡ್ಡಿನಿಂದ ಊಟಕ್ಕೆ ಬಂದರೆ ಮೀಸೆಯಲ್ಲಿ ನಾರು, ಹುಬ್ಬಿನಲ್ಲಿ ಪುಡಿ, ಹೆಗಲ ಟವೆಲ್ಲು ಕೊಡವಿದರೆ ನಡುಮನೆಯಲ್ಲಿ ಮೋಡ! ಮದುವೆಯಾದ ಹೊಸದರಲ್ಲೇ ನಾನು ಕೇಳಿದ್ದೆ.

"ಕೈಕಾಲು ತೊಳ್ಕೊಂಡ್ ಬರ್ಬಾರ್ದೇನ್ರೀ?"

"ಇದು ಧೂಳಲ್ಲ ಕಣೇ. ನಮ್ಗೆ ಅನ್ನ ಹಾಕೋದು ಇದೇಯ."

"ಅನ್ನ ಹಾಕೋದು ನಾನು. ತೊಳ್ಕೊಂಡ್ ಬಂದ್ರೆ ಹಾಕ್ತೀನಿ, ಇಲ್ದಿದ್ರೆ ಅದನ್ನೇ ತಿನ್ನಿ."

ತೊಳೆದುಕೊಂಡು ಬಂದರು ಎಂದುಕೊಂಡಿರಾ? ಟವೆಲ್ಲನ್ನು ಇನ್ನೊಂದು ಸಲ ಕೊಡವಿ ಎಲೆ ಮುಂದೆ ಕೂತರು. ಮೂವತ್ತು ವರ್ಷ ಇದೇ ಜಗಳ. ಗೆದ್ದವರು ಅವರೂ ಅಲ್ಲ, ನಾನೂ ಅಲ್ಲ, ಧೂಳು.

ಇಂಥವರ ಒಬ್ಬಳೇ ಮಗಳು ಬಸುರಿಯಾದಳು. ಅವಳನ್ನು ಕೊಟ್ಟಿರುವುದು ಕಂದಿಕೆರೆಗೆ. ಮೊದಲ ಬಾಣಂತನ ತವರಿನಲ್ಲೇ ಆಗಬೇಕಲ್ಲ? ಸೀಮಂತದ ಹೋಳಿಗೆ ಇನ್ನೂ ಅರಗಿರಲಿಲ್ಲ, ನಮ್ಮ ಮನೆಯವರು ಗಾರೆ ಮೇಸ್ತ್ರಿಯನ್ನು ಕರೆತಂದು ಹಿಂದಿನ ಕೋಣೆಯಲ್ಲಿ ನಿಲ್ಲಿಸಿದರು. ಬಿರುಕುಬಿಟ್ಟ ಕೆಂಪು ನೆಲ ಕಿತ್ತು ಟೈಲ್ಸ್ ಹಾಕಬೇಕು, ಗೋಡೆ ಒಡೆದು ಪಕ್ಕದಲ್ಲೇ ಬಚ್ಚಲು ಕಟ್ಟಬೇಕು, ಗೋಡೆಗೆಲ್ಲ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಬಳಿಯಬೇಕು.

"ನೀವು ಹುಟ್ಟಿದ್ದು ಇದೇ ಕೋಣೇಲಿ, ಇದೇ ನೆಲದ್ ಮೇಲೆ. ಏನ್ ಕಡಿಮೆ ಆಗಿದೆ ನಿಮ್ಗೆ?" ಎಂದೆ.

"ನೀನೇ ದಿನಾ ಹೇಳ್ತೀಯಲ್ಲ, ಏನೇನ್ ಕಡಿಮೆ ಆಗಿದೆ ಅಂತ!"

ಮೇಸ್ತ್ರಿ "ಒಂದ್ ತಿಂಗ್ಳು ಸಾಕು ಬುಡಿ ಯಜಮಾನ್ರೇ" ಎಂದ. ಮೇಸ್ತ್ರಿಗಳ ತಿಂಗಳು ಯಾವ ಪಂಚಾಂಗದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ತಿಂಗಳು ಮುಗಿದಾಗ ಅವನದು ಆಗ ತಾನೇ ಶುರುವಾಗಿತ್ತು. ಟೈಲ್ಸ್ ಕುಯ್ಯುವ ಯಂತ್ರ ಕಿರ್ರೆಂದು ಕೂಗಿದರೆ ಮನೆ ತುಂಬ ಬಿಳಿ ಹೊಗೆ. ಗೋಡೆ ಉಜ್ಜಲು ಕೂತರೆ ಮುಗಿದೇ ಹೋಯಿತು. ದೇವರ ಪಟಗಳಿಗೆಲ್ಲ ವಿಭೂತಿ ತಾನಾಗಿ ಬಂದು ಕೂರುತ್ತಿತ್ತು. ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಿದರೆ ಅದರೊಳಗೂ ಗೋಡೆ. ನಾನು ದಿನಕ್ಕೆ ನಾಲ್ಕು ಸಲ ಗುಡಿಸುತ್ತಿದ್ದೆ; ನಮ್ಮ ಮನೆಯವರು ಅದರ ಮಧ್ಯೆಯೇ ಆರಾಮಾಗಿ ಕೂತು ಕಾಫಿ ಕುಡಿಯುತ್ತಿದ್ದರು.

ಕೆಲಸ ಅರ್ಧವಾಗಿತ್ತು. ಯಂತ್ರದ ಸದ್ದಿನಲ್ಲಿ ಅಳಿಯಂದಿರ ಫೋನು ನಮಗಿಬ್ಬರಿಗೂ ಕೇಳಿಸಲಿಲ್ಲ. ಮೇಸ್ತ್ರಿ ಊಟಕ್ಕೆ ಎದ್ದಾಗ ನೋಡಿದರೆ, ಮಗಳಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡು ತಿಪಟೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ! ನಾವು ಓಡಿಹೋಗುವಷ್ಟರಲ್ಲಿ ಹೆರಿಗೆಯಾಗಿತ್ತು. ಹೆಣ್ಣು ಮಗು. ನನ್ನ ಅಂಗೈಯಷ್ಟು ಮುಖ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಮೂಗಿಗೆ ಕೊಳವೆ ಇಟ್ಟಿದ್ದರು. ಎದೆ ಪಟಪಟ ಏರಿಳಿಯುತ್ತಿತ್ತು. ನನಗೆ ನೋಡಲಾಗಲಿಲ್ಲ. ನಮ್ಮ ಮನೆಯವರು ಗಾಜಿಗೆ ಹಣೆ ಹಚ್ಚಿ ನಿಂತೇ ಇದ್ದರು.

ಕೆಲವು ವಾರಗಳಲ್ಲಿ ಮಗು ಸುಧಾರಿಸಿತು. ಇನ್ನು ಸ್ವಲ್ಪ ದಿನದಲ್ಲಿ ಮನೆಗೆ ಕಳಿಸುತ್ತೇವೆ ಎಂದರು ಡಾಕ್ಟರಮ್ಮ. "ಆದ್ರೆ ಇದರ ಉಸಿರು ಇನ್ನೂ ಎಳೇದು. ಧೂಳು, ಹೊಗೆ ಹತ್ರಕ್ಕೂ ಬರಬಾರದು. ಮನೇಲಿ ಅಂಥದ್ದೇನೂ ಇಲ್ವಲ್ಲ?"

ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರ ಹುಬ್ಬಿನಲ್ಲಿ ಆಗಲೂ ಸಿಮೆಂಟಿತ್ತು. ನಾನು ಮೂವತ್ತು ವರ್ಷ ಹೇಳಿದ್ದು ಆ ಕಿವಿಯೊಳಗೆ ಹೋಗಿರಲಿಲ್ಲ. ಡಾಕ್ಟರಮ್ಮ ಒಂದೇ ಸಲ ಹೇಳಿದ್ದು ನೆಟ್ಟಗೆ ಒಳಗೆ ಹೋಗಿ ಕೂತಿತು. ಆವತ್ತು ಸಂಜೆ ಮನೆಗೆ ಬಂದವರು ಹೊಸ್ತಿಲಲ್ಲೇ ನಿಂತರು. ಬಾಗಿಲ ಚೌಕಟ್ಟಿನ ಮೇಲೆ ಒಂದು ಬೆರಳು ಎಳೆದು, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

"ಲೇ, ಇದೇನೇ ಇದು?"

"ಧೂಳು ಕಣ್ರೀ. ಪರಿಚಯ ಇಲ್ವಾ?"

ಮಾರನೇ ಬೆಳಿಗ್ಗೆ ಎದ್ದು ನೋಡುತ್ತೇನೆ, ಬಾಗಿಲ ಹಿಂದೆ ಪೊರಕೆ ಇಲ್ಲ. ಹಿತ್ತಿಲಲ್ಲಿ ಕಡ್ಡಿಪೊರಕೆ ಇಲ್ಲ. ಬಚ್ಚಲ ಪೊರಕೆಯೂ ಇಲ್ಲ! ಊರೆಲ್ಲ ತೆಂಗಿನಗರಿ ಬಿದ್ದಿರುವ ಕಡೆ ಪೊರಕೆ ಕದಿಯುವ ಕಳ್ಳ ಯಾರಪ್ಪಾ ಎಂದು ನಾನು ಬೆರಗಾಗಿದ್ದರೆ, ಕಳ್ಳರು ನಡುಮನೆಯಲ್ಲಿ ಪಂಚೆ ಎತ್ತಿಕಟ್ಟಿ, ಮಂಡಿಯೂರಿ ಕೂತು, ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತಿದ್ದಾರೆ.

"ಗುಡ್ಸಿದ್ರೆ ಧೂಳು ಎದ್ದೇಳ್ತದೆ, ಆಚೆಗ್ ಹೋಗಲ್ಲ. ಇವತ್ನಿಂದ ಈ ಮನೇಲಿ ಪೊರ್ಕೆ ಇಲ್ಲ."

"ಬೆಳಿಗ್ಗೆ ಎದ್ದು ಗುಡ್ಸಿ ಸಾರ್ಸದೆ ಇದ್ರೆ ಲಕ್ಷ್ಮಿ ಬರ್ತಾಳೇನ್ರೀ ಮನೆಗೆ?"

"ಬರ್ತಾಳೆ. ಗಾಜಿನ್ ಪೆಟ್ಗೇಲಿ ಮಲ್ಗವಳೆ. ಅವ್ಳಿಗೆ ಪೊರ್ಕೆ ಆಗಿಬರಲ್ಲ."

ಅದೇನೋ ನಿಜವೇ. ಆದರೂ ಸುಮ್ಮನಿರುವವಳೇ ನಾನು? ಪಕ್ಕದ ಮನೆಯಿಂದ ಒಂದು ಪೊರಕೆ ಎರವಲು ತಂದು ಅಡುಗೆಮನೆ ಬಾಗಿಲು ಹಾಕಿಕೊಂಡು ಗುಡಿಸಿದೆ. ಸದ್ದು ಕೇಳಿ ಬಂದು ಅದನ್ನೂ ಕಿತ್ತುಕೊಂಡು ಹೋಗಿ ಗೋಣಿಚೀಲಕ್ಕೆ ಸೇರಿಸಿ ಬಾಯಿ ಹೊಲಿದರು. ಆ ಪಕ್ಕದ ಮನೆಯಾಕೆ ನನ್ನನ್ನು ಕಂಡಾಗಲೆಲ್ಲ "ಪೊರ್ಕೆ ಯಾವಾಗ್ ಕೊಡ್ತೀಯ ಕಣಕ್ಕ?" ಎನ್ನುತ್ತಿದ್ದಳು. ಹೊಸ ಪೊರಕೆ ಕಟ್ಟಿಕೊಡಲೂ ಇವರು ಒಪ್ಪಲಿಲ್ಲ.

ಮೇಸ್ತ್ರಿಯ ಪಾಡು ಇನ್ನೂ ಕಷ್ಟ. ಗೋಡೆಯನ್ನು ಒಣ ಉಜ್ಜುವ ಹಾಗಿಲ್ಲ, ನೀರು ಚಿಮುಕಿಸಿಯೇ ಉಜ್ಜಬೇಕು. ಕೋಣೆಯ ಬಾಗಿಲಿಗೆ ಒದ್ದೆ ದುಪ್ಪಟಿ ಇಳಿಬಿಟ್ಟಿರಬೇಕು. ಟೈಲ್ಸನ್ನು ತೋಟಕ್ಕೆ ಹೊತ್ತುಕೊಂಡು ಹೋಗಿ ಕುಯ್ದು ತರಬೇಕು. ಸಂಜೆ ಆಚೆ ಹೋಗುವಾಗ ಸ್ನಾನ ಮಾಡುವುದು ಸರಿ, ಬೆಳಿಗ್ಗೆ ಒಳಗೆ ಬರುವಾಗಲೂ ಸ್ನಾನ ಮಾಡಬೇಕೆಂದರೆ ಅವನು ಕರಣೆ ಕೆಳಗಿಟ್ಟ. "ಯಜಮಾನ್ರೇ, ನಾನು ಗಾರೆ ಕೆಲ್ಸದೋನು. ಪೂಜೆ ಮಾಡಕ್ ಬಂದೋನಲ್ಲ!" ಎಂದ. ಆದರೂ ಮಗುವಿನ ವಿಷಯ ಗೊತ್ತಿದ್ದವನು, ಗೊಣಗುತ್ತಲೇ ಕೆಲಸ ಮುಗಿಸಿಕೊಟ್ಟ.

ಮಾವನವರ ಈ ಸಾಹಸ ಕೇಳಿ ಅಳಿಯಂದಿರು ಧೂಳು ಹೀರುವ ಒಂದು ಮಿಷನ್ನು ಕಳಿಸಿದರು. ಸಂಜೆಯವರೆಗೂ ಅದು ಗೊರ್ರೆನ್ನುತ್ತ ಮನೆಯ ಮೂಲೆ ಮೂಲೆ ಹೀರಿತು. ನನಗೂ ಖುಷಿಯಾಗಿತ್ತು. ಆದರೆ ಇವರು ವ್ಯಾಪಾರಸ್ಥರಲ್ಲವೇ? ಇಡೀ ದಿನ ದುಡಿದ ಮಿಷನ್ನು ಎಷ್ಟು ದುಡಿದಿದೆ ನೋಡಬೇಡವೇ? ನಡುಮನೆಯ ಮಧ್ಯದಲ್ಲಿ, ಫ್ಯಾನಿನ ಕೆಳಗೆ ಕೂತು ಅದರ ಹೊಟ್ಟೆಯ ಚೀಲ ಬಿಚ್ಚಿದರು. ಫ್ಯಾನು ತಿರುಗುತ್ತಿತ್ತು! ಮಿಷನ್ನು ಮತ್ತೆ ಅದರ ಡಬ್ಬಕ್ಕೆ ಹೋಯಿತು, ನಾವಿಬ್ಬರೂ ಮತ್ತೆ ಒದ್ದೆ ಬಟ್ಟೆ ಹಿಡಿದೆವು.

ಇಷ್ಟೆಲ್ಲ ಒರೆಸಿದ ಮೇಲೆ ಮನೆ ಶುದ್ಧವಾಯಿತೆಂದು ತಿಳಿಯುವುದು ಹೇಗೆ? ನನಗೆ ಕಣ್ಣು ಸಾಕಿತ್ತು. ಅವರಿಗೆ ಸಾಲದು. ಆಗ ಅವರ ತಲೆಗೆ ಹೊಳೆದದ್ದು ಕೊಬ್ಬರಿ. ಬೇರೆ ಏನು ತಾನೇ ಹೊಳೆದೀತು? ಚೆನ್ನಾಗಿ ಒಣಗಿದ ಉಂಡೆಯನ್ನು ಎರಡು ಹೋಳು ಮಾಡಿ ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಅದರ ಬಿಳಿ ಮೈ ಮೇಲೆ ಎಣ್ಣೆ ಜಿನುಗುತ್ತದೆ. ಆ ಜಿಡ್ಡಿಗೆ ಕಣ್ಣಿಗೆ ಕಾಣದ ಧೂಳೂ ಅಂಟಿಕೊಳ್ಳುತ್ತದೆ. ಮಾರುಕಟ್ಟೆಗೆ ಹೋಗುವ ಕೊಬ್ಬರಿಯ ಮೇಲೆ ಧೂಳು ಕೂರಬಾರದೆಂದು ಜೀವಮಾನವಿಡೀ ಹೊದಿಸಿ ಮುಚ್ಚಿದ ಮನುಷ್ಯ ಈಗ ಕೋಣೆಗೊಂದು ಹೋಳು ಇಟ್ಟು, ಧೂಳೇ ಬಾ ಎಂದು ಕಾದು ಕೂತರು.

ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಒಂದೊಂದೇ ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಹೇಳುವಂತೆ ದರ್ಜೆ ಹೇಳುತ್ತಿದ್ದರು.

"ದೇವ್ರ ಕೋಣೆ, ಎರಡ್ನೇ ದರ್ಜೆ. ನಡುಮನೆ, ಎರಡ್ನೇ ದರ್ಜೆ, ಒಂದ್ ಗುಂಜಿ ಕಮ್ಮಿ. ಅಡ್ಗೆಮನೆ..." ಎಂದು ನನ್ನ ಮುಖ ನೋಡಿ ತಡೆದರು.

"ಹೇಳಿ, ಅಡ್ಗೆಮನೆ?"

"ಮೂರ್ನೇ ದರ್ಜೆ."

ಮೂವತ್ತು ವರ್ಷ ಉಂಡ ಅಡುಗೆಮನೆ! ಅಲ್ಲಿ ಬೇಯಿಸಿದ್ದನ್ನು ಬೆರಳು ಚೀಪಿ ತಿಂದ ಬಾಯಿ! ಆವತ್ತು ಮಧ್ಯಾಹ್ನ ಒಂದು ಹಸಿ ಈರುಳ್ಳಿ, ತಣ್ಣನೆ ಮುದ್ದೆ ಮುಂದಿಟ್ಟು "ಇದು ಮೂರ್ನೇ ದರ್ಜೆ ಅಡ್ಗೆಮನೆ ಊಟ ಕಣ್ರೀ" ಎಂದೆ. ಈರುಳ್ಳಿ ಕಚ್ಚಿಕೊಂಡು ಉಂಡು ಎದ್ದರು. ಮಾರನೇ ದಿನದ ದರ್ಜೆಯಲ್ಲಿ ನನಗೆ ಬಡ್ತಿ ಸಿಗುತ್ತದೆಂದುಕೊಂಡಿದ್ದೆ. ಸಿಗಲಿಲ್ಲ. ಲಂಚಕ್ಕೂ ಬಗ್ಗದ, ಬೆದರಿಕೆಗೂ ಬಗ್ಗದ ಇಂಥ ಮನುಷ್ಯನೊಂದಿಗೆ ಸಂಸಾರ ಮಾಡುವ ಕಷ್ಟ ಯಾರಿಗೆ ಹೇಳಲಿ?

ಕೋಣೆ ಕೋಣೆಗೆ ಕೊಬ್ಬರಿ ಇಟ್ಟರೆ ಇರುವೆ ಸುಮ್ಮನಿರುತ್ತದೆಯೇ? ಕೊಬ್ಬರಿ ನಾಡಿನ ಇರುವೆ ಅದು, ಎಣ್ಣೆಯ ವಾಸನೆ ಅದರ ರಕ್ತದಲ್ಲೇ ಇದೆ. ಮೂರನೇ ದಿನಕ್ಕೆ ಗೋಡೆಯುದ್ದಕ್ಕೂ ಕೆಂಪು ದಾರ ಎಳೆದಂತೆ ಸಾಲು. ಎಳೇ ಮಗುವಿನ ತೊಟ್ಟಿಲಿಡುವ ಕೋಣೆಗೆ ನಾವೇ ಇರುವೆ ಕರೆದು ಕೂರಿಸಿದ್ದೆವು! ಇನ್ನಾದರೂ ಈ ಹುಚ್ಚು ಬಿಡುತ್ತಾರೆಂದುಕೊಂಡೆ. ಅವರು ತಟ್ಟೆ ತಂದರು, ತಟ್ಟೆಗೆ ನೀರು ಹಾಕಿದರು, ನೀರಿನ ಮಧ್ಯೆ ಲೋಟ ಬೋರಲು ಹಾಕಿ ಅದರ ಮೇಲೆ ಕೊಬ್ಬರಿ ಹೋಳು ಇಟ್ಟರು. ಪಕ್ಕದ ಮನೆಯಾಕೆ ಬಂದವಳು, ಪೊರಕೆ ಕೇಳುವುದನ್ನೂ ಮರೆತು, ಕೆನ್ನೆ ಕೆನ್ನೆ ಬಡಿದುಕೊಂಡು ತಟ್ಟೆಗೆ ಕೈಮುಗಿದಳು.

"ಇದ್ಯಾವ್ ವ್ರತ ಕಣಕ್ಕ? ನಮ್ಗೂ ಹೇಳ್ಕೊಡು."

"ಧೂಳವ್ವನ ವ್ರತ. ಗಂಡಸ್ರೇ ಮಾಡ್ಬೇಕು. ನಿಮ್ಮೆಜಮಾನ್ರನ್ನ ಕಳ್ಸು" ಎಂದೆ.

ಒರೆಸಿ ಒರೆಸಿ ಎಲ್ಲ ಕೋಣೆಗಳೂ ಒಂದೊಂದಾಗಿ ಮೇಲಿನ ದರ್ಜೆಗೆ ಹತ್ತಿದವು, ನನ್ನ ಅಡುಗೆಮನೆಯೂ ಹತ್ತಿತು. ಒಂದು ಮಾತ್ರ ಹತ್ತಲಿಲ್ಲ. ಯಾವುದು? ಹೊಸ ಟೈಲ್ಸು, ಹೊಸ ಬಣ್ಣದ ಆ ಬಾಣಂತಿ ಕೋಣೆಯೇ! ದಿನಾ ಬೆಳಿಗ್ಗೆ ಅಲ್ಲಿನ ಹೋಳಿನ ಮೇಲೆ ಕಂದು ಬಣ್ಣದ ತೆಳು ಪದರ. ಸಿಮೆಂಟಾದರೆ ಬಿಳಿಯಿರಬೇಕು. ಇದು ಎಲ್ಲಿಂದ ಬರುತ್ತಿದೆ? ಅವರು ಚಾಪೆ ಹಾಕಿಕೊಂಡು ಅಂಗಾತ ಮಲಗಿ ಮೇಲೆ ನೋಡುತ್ತ ಮಧ್ಯಾಹ್ನವೆಲ್ಲ ಕಳೆದರು. ಮೇಲಿದ್ದದ್ದು ಹಲಗೆಯ ಅಟ್ಟ. ಅಟ್ಟದ ತುಂಬ ಕೊಬ್ಬರಿಯಾಗಲು ಕೂತ ಕಾಯಿ. ಇಲಿ ಓಡಿದಾಗಲೆಲ್ಲ ಹಲಗೆಯ ಸಂದಿನಿಂದ ಸಿಪ್ಪೆಯ ಪುಡಿ ಸಣ್ಣಗೆ ಉದುರುತ್ತಿತ್ತು.

ಅವರು ಎದ್ದು ಕೂತು ನಿಧಾನಕ್ಕೆ ಹೇಳಿದರು. "ಅಟ್ಟ ಇಳಿಸ್ಬೇಕು ಕಣೇ."

ನಿಮಗೆ ಇದರ ಅರ್ಥ ಆಗಿರಲಾರದು. ಅಟ್ಟದ ಕಾಯಿಯನ್ನು ಅವಧಿಗೆ ಮುಂಚೆ ಇಳಿಸುವುದು ನಮ್ಮ ಕಡೆ ಯಾರೂ ಮಾಡದ ಕೆಲಸ. ಅರ್ಧ ಒಣಗಿದ ಕಾಯಿಯನ್ನು ಕದಲಿಸಿದರೆ ಒಳಗಿನ ಉಂಡೆ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ. ಹಲಗೆಯಡಿಗೆ ಪ್ಲಾಸ್ಟಿಕ್ ಶೀಟು ಹೊಡೆದರೆ ಸಾಲದೇ ಎಂದೆ. ಶೀಟು ಹೊಡೆದರೆ ಕಾಯಿಗೂ ಗಾಳಿಯಿಲ್ಲ, ಕೋಣೆಗೂ ಗಾಳಿಯಿಲ್ಲ ಎಂದರು. ಸುದ್ದಿ ಹಬ್ಬಿ ಊರೇ ಜಗಲಿಗೆ ಬಂದು ಕೂತಿತು. ನಮ್ಮ ಮನೆಯವರ ದೊಡ್ಡಪ್ಪನ ಮಗ, ವಯಸ್ಸಾದವರು, ಕೋಲು ಕುಟ್ಟಿ ಕೇಳಿದರು.

"ತಲೆ ಕೆಟ್ಟದೇನ್ಲಾ ನಿಂಗೆ? ಇನ್ನೊಂದ್ ನಾಕ್ ತಿಂಗ್ಳು ತಡ್ಕೊಳಕ್ಕಾಗಲ್ವಾ? ಈಗ ಇಳಿಸಿದ್ರೆ ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ರಿನೂ ಅಲ್ಲ."

"ಕೆಟ್ರೆ ಕೆಡ್ಲಿ ಬುಡಣ್ಣ. ಕಾಯಿ ಮುಂದಿನ್ ವರ್ಷ ಮತ್ತೆ ಬಿಡ್ತದೆ."

"ಊರೋರ್ ನಗ್ತಾರೆ ಕಣ್ಲಾ!"

"ನಗೋರು ಬಾಯಿ ತೊಳ್ಕೊಂಡ್ ಬಂದು ನಗ್ಲಿ. ಧೂಳು ಮಾತ್ರ ತರ್ಬ್ಯಾಡ್ರಿ ಅನ್ನು."

ಕಾಯಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಉಂಡೆ ಕಳಚಿಕೊಂಡು ಉರುಳಾಡುವ ಸದ್ದು ಕೇಳಿ, ಆಮೇಲಷ್ಟೇ ಕೆಳಗಿಳಿಸುತ್ತಿದ್ದ ಮನುಷ್ಯ ಅವರು. ಅವಸರಪಟ್ಟ ಆಳುಗಳನ್ನು ಬೈದು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಅಂಥವರು ಸದ್ದು ಮಾಡದ ಕಾಯಿಗಳನ್ನು ಕೈಯಿಂದ ಕೈಗೆ ದಾಟಿಸಿ ತೋಟದ ಶೆಡ್ಡಿಗೆ ಸಾಗಿಸಿದರು. ನಾನೂ ಸೀರೆ ಸೆರಗು ಸಿಕ್ಕಿಸಿ ಸಾಲಿನಲ್ಲಿ ನಿಂತೆ. ಆ ದಿನ ನನಗೆ ಅವರ ಮೇಲೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ನನ್ನ ಗಂಡ ಎಂದು ಹೆಮ್ಮೆಯೇ ಆಯಿತು.

ಹೆಮ್ಮೆ ಸಂಜೆಯವರೆಗೆ. ಕಾಯಿ ಇಳಿಸಿದ ಮೇಲೆ ಅಟ್ಟದಲ್ಲಿ ಉಳಿದದ್ದು ಅವರ ಅಜ್ಜನ ಕಾಲದಿಂದ ಬಿದ್ದಿದ್ದ ಪುಡಿ. ಅದೆಲ್ಲ ಒಟ್ಟಿಗೆ ಮನೆಗೆ ಇಳಿದು ಬಂತು! ಅಷ್ಟು ದಿನ ಒರೆಸಿದ್ದು ನೀರಿನಲ್ಲಿ ಹೋಮವಾಯಿತು. ಅವರು ಮೂಗಿಗೆ ಟವೆಲ್ಲು ಕಟ್ಟಿ, ಒದ್ದೆ ಗೋಣಿ ಹಿಡಿದು, ಅಟ್ಟದ ಮೂಲೆಮೂಲೆಗೆ ತೆವಳಿ ಬಾಚಿ ತಂದರು. ಕೆಳಗಿಳಿದಾಗ ಮನುಷ್ಯರೇ ಕಾಣುತ್ತಿರಲಿಲ್ಲ, ಕಣ್ಣೆರಡು ಕಾಣುತ್ತಿದ್ದವು. ಆವತ್ತಿನಿಂದ ಕೆಮ್ಮು ಹಿಡಿಯಿತು. ಮೆಣಸು, ಶುಂಠಿಯ ಕಷಾಯ ಮಾಡಿಕೊಟ್ಟೆ. ಕುಡಿದು, ಕೆಮ್ಮಿ, ಮತ್ತೆ ಮೊದಲಿನಿಂದ ನೆಲ ಒರೆಸಲು ಕೂತರು.

ಮಗು ಮನೆಗೆ ಬರುವ ಹಿಂದಿನ ಬೆಳಿಗ್ಗೆ ಅಡುಗೆಮನೆಗೆ ಬಂದು ಬಾಣಂತಿ ಕೋಣೆಯ ಹೋಳನ್ನು ನನ್ನ ಮುಖದ ಮುಂದೆ ಹಿಡಿದರು. ಅಪ್ಪಟ ಬಿಳಿ. "ನೋಡೇ! ಹಾಲು! ಮೊದಲ್ನೇ ದರ್ಜೆ!" ಎಂದರು. ಅರ್ಧ ಮುರಿದು ನನಗೆ ಕೊಟ್ಟರು, ಅರ್ಧ ಅವರು ಇಟ್ಟುಕೊಂಡರು. ಇಬ್ಬರೂ ಒಲೆ ಮುಂದೆ ನಿಂತು ಬೆಲ್ಲದ ಜೊತೆ ಅಗಿದು ತಿಂದೆವು.

ಮಗು ಬಂತು. ಬೆನ್ನಿಗೇ ನಮ್ಮ ಬೀಗಿತ್ತಿ, ಮಗಳ ಅತ್ತೆ, ಬಂದರು. ಕಂದಿಕೆರೆಯಿಂದ ಹೊರಟು, ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಜರತಾರಿ ಸೀರೆ ಉಟ್ಟು, ಕೈಯಲ್ಲೊಂದು ಬುಟ್ಟಿ ಹಿಡಿದು ಬಂದವರಿಗೆ ಅಂಗಳದಲ್ಲಿ ಎದುರಾದದ್ದು ಏನು? ಆರತಿ ತಟ್ಟೆಯಲ್ಲ. ಬಕೆಟ್ಟು, ಸೋಪು, ನನ್ನದೊಂದು ಒಗೆದ ನೂಲಿನ ಸೀರೆ ಹಿಡಿದು ನಿಂತ ನಮ್ಮ ಮನೆಯವರು!

"ತಪ್ ತಿಳ್ಕೋಬ್ಯಾಡಿ ಬೀಗ್ರೇ. ಕೈಕಾಲು ಮುಖ ತೊಳ್ದು, ಹಿತ್ಲ ಬಚ್ಚಲಲ್ಲಿ ಈ ಸೀರೆ ಉಟ್ಕೊಂಡು ಒಳಕ್ ಬನ್ನಿ."

ಬೀಗಿತ್ತಿಯ ಮುಖ ಕೆಂಪಾಯಿತು. "ನಾನೇನ್ ಕಸದ್ ಗಾಡೀಲ್ ಬಂದಿದೀನಾ?"

"ಬಸ್ಸಲ್ ಬಂದಿದೀರಿ. ಎರಡೂ ಒಂದೇಯ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಹೆಣ್ಣು ಕೊಟ್ಟವರು ಗಂಡಿನ ಕಡೆಯವರಿಗೆ ಆಡುವ ಮಾತೇ ಇದು? ಬೀಗಿತ್ತಿ ಬುಟ್ಟಿಯಿಂದ ಸಾಂಬ್ರಾಣಿ ಪೊಟ್ಟಣ ತೆಗೆದು ನನ್ನ ಕಡೆ ತಿರುಗಿದರು. "ನೋಡಿ, ಎಣ್ಣೆ ನೀರು ಹಾಕಿ, ಈ ಹೊಗೆ ಕೊಟ್ಟು ಮಲಗ್ಸೋಣ ಅಂತ ಅಷ್ಟು ದೂರದಿಂದ ಬಂದೆ. ಹೊಗೆ ಕೊಡ್ದೆ ಮಗೂಗೆ ಶೀತ ಆಗಲ್ವೇ? ನಾವು ಮಕ್ಳು ಸಾಕಿಲ್ವೇ?"

"ಈ ಮನೇಲಿ ಹೊಗೆ ಇಲ್ಲ" ಎಂದರು ಇವರು.

"ಹಂಗಾದ್ರೆ ನಾನೂ ಇಲ್ಲ" ಎಂದು ಬೀಗಿತ್ತಿ ಬೀದಿಯ ಕಡೆ ತಿರುಗಿದರು.

ಆಗ ನನಗೇನಾಯಿತೋ ನಾನರಿಯೆ. ಇಷ್ಟು ದಿನ ಪೊರಕೆಗಾಗಿ ಜಗಳವಾಡಿದವಳು, ಮೂರನೇ ದರ್ಜೆಯವಳು, ಅವರ ಕೈಯಿಂದ ಸೀರೆ ಕಿತ್ತುಕೊಂಡು ಬೀಗಿತ್ತಿಯ ಮುಂದೆ ಹೋಗಿ ನಿಂತೆ.

"ನಾನೂ ಹಿಂಗೇ ತೊಳ್ಕೊಂಡು ಬಟ್ಟೆ ಬದಲಾಯ್ಸೇ ಒಳಗ್ ಹೋಗೋದು ಬೀಗಿತ್ತಮ್ಮ. ಕೂಸಿನ್ ಎದೆ ಪಟಪಟ ಅಂತಿದ್ದಿದ್ದನ್ನ ಗಾಜಿನಾಚೆಯಿಂದ ನೀವೂ ನೋಡಿದೀರಿ, ನಾನೂ ನೋಡಿದೀನಿ. ಅದು ಗಟ್ಟಿಯಾಗ್ಲಿ, ಆಮೇಲೆ ಊರೆಲ್ಲ ಹೊಗೆ ಹಾಕನ. ಈಗ ಮಾತ್ರ ಯಾರ್ ಹೇಳಿದ್ರೂ ಹಾಕಲ್ಲ. ನೀವ್ ಕೋಪ ಮಾಡ್ಕೊಂಡ್ರೂ ಸರಿಯೇ, ಮೊಮ್ಮಗಳ ಮುಖ ನೋಡ್ದೆ ಹೋಗ್ಬ್ಯಾಡಿ."

ಬೀಗಿತ್ತಿ ನನ್ನನ್ನು ಕಣ್ಣಲ್ಲೇ ಸುಟ್ಟರು. ಆಮೇಲೆ ಬಕೆಟ್ಟಿಗೆ ಕೈ ಹಾಕಿದರು. ನನ್ನ ಹಳೇ ಸೀರೆ ಉಟ್ಟು ಒಳಗೆ ಹೋದವರು ಬಹಳ ಹೊತ್ತಿನ ಮೇಲೆ ಬಂದು, "ಮಲಗಿದಾಳೆ. ಉಸಿರಿನ ಸದ್ದೇ ಕೇಳಲ್ಲ, ಅಷ್ಟ್ ಸಲೀಸು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೋಗುವಾಗ ಸಾಂಬ್ರಾಣಿ ಪೊಟ್ಟಣ ಜಗಲಿಯ ಮೇಲೆ ಬಿಟ್ಟು ಹೋದರು. ಇವರು ಅದನ್ನು ಒಯ್ದು ಊರಾಚೆ ತೋಟದಲ್ಲಿ ಕಟ್ಟಿದ್ದ ಎಮ್ಮೆಗೆ ಹೊಗೆ ಹಾಕಿದರು. ಆ ವರ್ಷ ನಮ್ಮ ಎಮ್ಮೆಗೆ ಶೀತವೇ ಆಗಲಿಲ್ಲ.

ಈ ಗಲಾಟೆಯಲ್ಲಿ ಒಂದು ಸಂಗತಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮಗಳು ಕೇಳಿದ ಮೇಲೆ ಗೊತ್ತಾಯಿತು.

"ಅಮ್ಮ, ಅಪ್ಪ ಯಾಕೆ ಮಗೂನ ಒಂದ್ಸಲನೂ ಎತ್ಕೊಂಡಿಲ್ಲ?"

ಹೌದಲ್ಲ! ಬೀಗಿತ್ತಿ ಎತ್ತಿಕೊಂಡಿದ್ದರು. ಪಕ್ಕದ ಮನೆಯಾಕೆ ತೊಳೆದುಕೊಂಡು ಬಂದು ಎತ್ತಿಕೊಂಡಿದ್ದಳು. ಆ ಮೇಸ್ತ್ರಿ ಕೂಡ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಬಂದು ಎತ್ತಿಕೊಂಡು ಹೋಗಿದ್ದ. ಇವರು ಮಾತ್ರ ಕಿಟಕಿಯ ಆಚೆ ನಿಂತು ನೋಡುತ್ತಿದ್ದರು. ಮಲಗುವುದು ಜಗಲಿಯಲ್ಲಿ. ಕೇಳಿದರೆ ಒಳಗೆ ಸೆಕೆ ಎನ್ನುತ್ತಿದ್ದರು. ಎತ್ತಿಕೊಳ್ಳಿ ಎಂದರೆ ಕೈ ಒರಟು ಎನ್ನುತ್ತಿದ್ದರು. ಕೆಮ್ಮು ಬಂದರೆ ಎದ್ದು ಬೇಲಿಯವರೆಗೂ ಹೋಗಿ ಕೆಮ್ಮಿ ಬರುತ್ತಿದ್ದರು. ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿ, ಎದೆಯ ಫೋಟೋ ತೆಗೆದು, "ಇದು ಇನ್ನೊಬ್ರಿಗೆ ಅಂಟೋ ಕಾಯಿಲೆ ಅಲ್ಲ. ಎಷ್ಟೋ ವರ್ಷದ ಧೂಳು ಎದೇಲಿ ಕೂತಿದೆ ಅಷ್ಟೇ. ಇನ್ಮೇಲೆ ಮೂಗಿಗೆ ಮಾಸ್ಕ್ ಇಲ್ದೆ ಶೆಡ್ಡಿಗೆ ಹೋಗ್ಬೇಡಿ" ಎಂದು ಮಾತ್ರೆ ಕೊಟ್ಟರು. ಅಂಟುವುದಿಲ್ಲ ಎಂದದ್ದನ್ನು ನಾನು ಕೇಳಿಸಿಕೊಂಡು ಸಮಾಧಾನ ಮಾಡಿಕೊಂಡೆ. ಇವರು ಕೇಳಿಸಿಕೊಂಡದ್ದು ಬೇರೆ ಮಾತನ್ನು. ಮನೆಗೆ ಬಂದ ಮೇಲೂ ಜಗಲಿ ಬಿಡಲಿಲ್ಲ.

ಮಗಳು ಯಾರ ಮಗಳು? ಒಂದು ಬೆಳಿಗ್ಗೆ, ಎಳೆಬಿಸಿಲು ಬಿದ್ದಾಗ, ತಲೆಗೆ ಬಟ್ಟೆ ಕಟ್ಟಿಕೊಂಡು ಮಗುವನ್ನೆತ್ತಿ ನೆಟ್ಟಗೆ ಜಗಲಿಗೆ ನಡೆದಳು. ನಾನು ಹಿಂದೆಯೇ ಓಡಿದೆ. ಇವರು ಎದ್ದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತರು.

"ಹಿಡ್ಕೋ ಅಪ್ಪ."

"ಬ್ಯಾಡ ಕಣವ್ವ. ಒಳೀಕ್ ಹೋಗು."

"ಯಾಕ್ ಬ್ಯಾಡ? ಹೇಳು."

ಬೀಗರಿಗೆ ಬಗ್ಗದವರು, ಊರಿಗೆ ಬಗ್ಗದವರು, ಮಗಳ ಮುಂದೆ ತಲೆ ತಗ್ಗಿಸಿದರು.

"ಡಾಕ್ಟ್ರು ಹೇಳಿದ್ದು ಕೇಳಿಲ್ವಾ? ಧೂಳು ಹತ್ರಕ್ಕೂ ಬರಬಾರ್ದು ಅಂತ. ನನ್ನೆದೆ ತುಂಬ ಅದೇ ಐತಂತೆ ಕಣವ್ವ. ಮನೆ ತೊಳ್ದೆ. ಅಟ್ಟ ತೊಳ್ದೆ. ಇದನ್ನ ಹೆಂಗ್ ತೊಳೀಲಿ?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನನ್ನ ಬಾಯಲ್ಲಿ ಒಂದು ಮಾತೂ ಬರಲಿಲ್ಲ. ಮೂವತ್ತು ವರ್ಷದಲ್ಲಿ ಅದೇ ಮೊದಲು.

ಮಗಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ಮಾತು ಮಾತ್ರ ಅಪ್ಪನದೇ. "ನಾನ್ ಮಲಗಿ ಬೆಳೆದಿದ್ದು ಈ ಎದೆ ಮೇಲೇಯ. ನಂಗೇನಾಗಿದೆ? ಕೈ ಮುಂದಕ್ ಚಾಚ್ತೀಯೋ, ಇಲ್ಲಾ ನಾನಿಲ್ಲೇ ನಿಂತಿರ್ಲೋ?" ಎಂದವಳೇ ಅವರ ಉತ್ತರಕ್ಕೂ ಕಾಯದೆ ಮಗುವನ್ನು ಆ ಎದೆಗೆ ಒರಗಿಸಿಯೇಬಿಟ್ಟಳು. ಬೀಳುತ್ತದೆಂಬ ಭಯಕ್ಕೆ ಅವರ ಕೈಗಳು ಬೆನ್ನ ಹಿಂದಿನಿಂದ ತಾವಾಗಿ ಮುಂದೆ ಬಂದು ತಬ್ಬಿಕೊಂಡವು.

ಮಗು ಒಂದು ಸಲ ಮುಖ ಕಿವುಚಿ, ಅವರ ಅಂಗಿಯ ಗುಂಡಿಗೆ ಕೆನ್ನೆ ಹಚ್ಚಿ ನಿದ್ದೆ ಹೋಯಿತು. ಅವರು ಅಲ್ಲಾಡಲಿಲ್ಲ. ಕಣ್ಣು ಮಿಟುಕಿಸಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿ ತುಟಿ ಬಿಗಿಹಿಡಿದಿದ್ದರು. ಕತ್ತಿನ ನರ ಉಬ್ಬಿತು, ಮುಖ ಕೆಂಪಾಗುತ್ತ ಬಂತು. ನನಗೆ ಆಗ ಅರ್ಥವಾಯಿತು. ತಮ್ಮ ಉಸಿರು ಎಲ್ಲಿ ಮಗುವಿಗೆ ತಾಕುತ್ತದೋ ಎಂದು ಆ ಮನುಷ್ಯ ಉಸಿರನ್ನೇ ಕಟ್ಟಿಕೊಂಡು ನಿಂತಿದ್ದರು!

"ಉಸಿರಾಡ್ರೀ!" ಎಂದು ನಾನು ಗದರಿದೆ, ಅಳುತ್ತ ಗದರಿದೆ. "ಏನಾಗಲ್ಲ, ಉಸಿರಾಡ್ರೀ!"